ರಾತ್ರಿ ಪಾಳಿಯ ಮಸೂದೆ

ವಾಲ್ನಟ್ ಕ್ರೀಕ್
18 ಮೇ 2025

ಪ್ರೀತಿಯ ಕಾಕಾ,

ನಮಸ್ಕಾರ. ನಾನು ಫೋನಿನಲ್ಲಿ ಗಂಟಲು ಹರಿದುಕೊಳ್ಳುವುದು, ನಿಮಗೆ ಕೇಳದಿರುವುದು, ಕಾಕು ನಡುವೆ ನಿಂತು ನನ್ನ ಹತ್ತು ಮಾತನ್ನು ಎರಡು ಮಾಡಿ ನಿಮ್ಮ ಕಿವಿಯಲ್ಲಿ ಒದರುವುದು, ಇದಕ್ಕಿಂತ ಈಮೇಲೇ ವಾಸಿ. ವಿಧಾನಸೌಧದಲ್ಲಿ ಶಾಸಕರ ಭಾಷಣಗಳನ್ನು ಬರೆದುಕೊಂಡು ಟೈಪ್ ಮಾಡಿ ಪಳಗಿದ ಕೈ ನಿಮ್ಮದು. ನನ್ನ ತಪ್ಪಕ್ಷರ ನೋಡಿ ನಗಬೇಡಿ.

ಹೊಸ ಕೆಲಸ ಏನೆಂದು ಕೇಳಿದ್ದಿರಿ. ಇಲ್ಲಿನ ಅಸೆಂಬ್ಲಿ ಸದಸ್ಯೆ ತೆರೆಸಿತಾ ಕಬಿಲಿಂಗ್ ಅವರ ಆಫೀಸಿನಲ್ಲಿ ಮಸೂದೆಗಳನ್ನು ಸಿದ್ಧಪಡಿಸುವ ಕೆಲಸ. ಅವರು ಫಿಲಿಪೀನ್ಸ್‌ನಿಂದ ಚಿಕ್ಕ ವಯಸ್ಸಿನಲ್ಲೇ ತಾಯಿಯ ಹಿಂದೆ ಬಂದವರು. ನರ್ಸ್ ಆಗಿದ್ದರು, ನರ್ಸ್‌ಗಳ ಸಂಘ ಕಟ್ಟಿದರು, ಶಾಲಾ ಮಂಡಳಿಗೆ ನಿಂತು ಗೆದ್ದರು, ಆಮೇಲೆ ನಗರಸಭೆ, ಈಗ ರಾಜ್ಯದ ಶಾಸನಸಭೆ. ಎಲ್ಲರೂ ಅವರನ್ನು ತೀತಾ ಟೆಸ್ ಎನ್ನುತ್ತಾರೆ. ತೀತಾ ಎಂದರೆ ಅವರಲ್ಲಿ ಅತ್ತೆ, ಚಿಕ್ಕಮ್ಮ, ಪಕ್ಕದ ಮನೆ ಆಂಟಿ, ಎಲ್ಲಾ. ಇಲ್ಲಿ ಒಬ್ಬರು ಹನ್ನೆರಡು ವರ್ಷಕ್ಕಿಂತ ಹೆಚ್ಚು ಶಾಸಕರಾಗಿರುವಂತಿಲ್ಲ. ಅವರದು ಮುಂದಿನ ವರ್ಷ ಮುಗಿಯುತ್ತದೆ. ಅದರೊಳಗೆ ಒಂದು ಕೆಲಸ ಮಾಡಿಯೇ ಹೋಗಬೇಕೆಂದು ಹಟ ಹಿಡಿದಿದ್ದಾರೆ.

ಇಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಪುಟ್ಟ ಮನೆಗಳಿವೆ. ಹೊರಗಿನಿಂದ ನೋಡಿದರೆ ಬೀದಿಯ ಬೇರೆ ಮನೆಗಳ ಹಾಗೆಯೇ. ಒಳಗೆ ಐದಾರು ಮಂದಿ ಹಿರಿಯರು, ಅವರನ್ನು ನೋಡಿಕೊಳ್ಳಲು ಹೆಚ್ಚಾಗಿ ಒಬ್ಬರೇ ಫಿಲಿಪಿನೋ ಹೆಂಗಸು. ಹಗಲೆಲ್ಲ ಸ್ನಾನ, ಊಟ, ಔಷಧ. ರಾತ್ರಿ ಅದೇ ಹೆಂಗಸು ಹಾಲ್‌ನ ಸೋಫಾ ಮೇಲೆ ಒಂದು ಕಿವಿ ತೆರೆದಿಟ್ಟುಕೊಂಡು ಮಲಗಬೇಕು. ಯಾರು ಕೂಗಿದರೂ ಏಳಬೇಕು. ತೀತಾ ಟೆಸ್ ಅವರ ತಾಯಿ ಹೀಗೇ ಬದುಕಿದವರು.

ಎರ್ಲಿಂಡಾ ಎಂಬಾಕೆ ತನ್ನ ಕಷ್ಟ ಹೇಳಿಕೊಳ್ಳಲು ನಮ್ಮ ಆಫೀಸಿಗೆ ಬಂದರು. ಹೇಳುವುದಕ್ಕೆ ಮುಂಚೆ ಕುರ್ಚಿಯಲ್ಲಿ ಕೂತಲ್ಲೇ ನಿದ್ದೆ ಹೋದರು. ತೀತಾ ಟೆಸ್ ಯಾರಿಗೂ ಎಬ್ಬಿಸಲು ಬಿಡಲಿಲ್ಲ. ಆ ಮಧ್ಯಾಹ್ನದ ಮೀಟಿಂಗನ್ನು ಪಾರ್ಕಿಂಗ್ ಲಾಟ್‌ನಲ್ಲಿ ನಿಂತು ಮಾಡಿದೆವು. ಎರ್ಲಿಂಡಾ ಕೆಲಸ ಮಾಡುವ ಮನೆ ಯಾರದು ಎಂಬುದು ಬೇಡ ಬಿಡಿ.

ನಮ್ಮ ಮಸೂದೆ ಇಷ್ಟೇ: ಇಂಥ ಮನೆಗಳಲ್ಲಿ ರಾತ್ರಿ ಎಚ್ಚರವಿರಲು ಬೇರೆ ಆಳು ಇರಲೇಬೇಕು. ಹಗಲು ದುಡಿದವಳು ರಾತ್ರಿ ಮಲಗಬೇಕು.

ನಿಮ್ಮ
ಮಾಧುರಿ

ವಿಜಯನಗರ, ಬೆಂಗಳೂರು
25 ಮೇ 2025

ಚಿ. ಮಾಧುರಿಗೆ ಆಶೀರ್ವಾದಗಳು.

ನಿನ್ನ ಪತ್ರವನ್ನು ಕಾಕುಗೆ ಓದಿ ಹೇಳಿದೆ. ಕಿವಿ ಹೋದವನ ದನಿ ದೊಡ್ಡದಲ್ಲವೇ, ಮೇಲಿನ ಮನೆಯ ನಾಗರಾಜುಗೂ ಕೇಳಿಸಿತಂತೆ. ಇಳಿದು ಬಂದು, "ಸಾರ್, ನಿಮ್ ಹುಡುಗಿ ಅಮೆರಿಕಾದಲ್ಲಿ ಎಮ್ಮೆಲ್ಲೆ ಆಫೀಸಲ್ಲಿದಾಳಂತೆ. ನಮ್ ಮಗನ ವೀಸಾಕ್ಕೆ ಒಂದು ಲೆಟರ್ ಕೊಡಿಸ್ತಾಳಾ?" ಎಂದ. ಕೇಳಿ ನೋಡುತ್ತೇನೆ ಎಂದಿದ್ದೇನೆ. ಆಗುತ್ತದೇನು?

ನಿಮ್ಮ ಶಾಸಕಿಯ ಮನೆ ಮುಂದೆ ಬೆಳಗ್ಗೆ ಎಷ್ಟು ಜನ ಅರ್ಜಿ ಹಿಡಿದು ನಿಲ್ಲುತ್ತಾರೆ? ಗನ್‌ಮ್ಯಾನ್ ಇದ್ದಾನೆಯೇ? ಇದನ್ನೆಲ್ಲ ವಿವರವಾಗಿ ಬರಿ. ಹರಕು ಮುರುಕು ಬರೆದರೆ ನನಗೆ ಸಿಟ್ಟು ಬರುತ್ತದೆ.

ನೋಡು ಕೂಸ, ನಾನು ಸದನದ ನಡುವೆ ಕೂತು ಬರೆದುಕೊಂಡವನು. ಒಳ್ಳೆಯ ಮಸೂದೆಯನ್ನು ಎದುರಾ ಎದುರು ಕೊಂದದ್ದನ್ನು ನಾನು ಕಂಡದ್ದು ಕಡಿಮೆ. ಎಲ್ಲರೂ ಹೊಗಳುತ್ತಾರೆ, ಆಮೇಲೆ ಯಾವುದೋ ಸಮಿತಿಗೆ ಕಳಿಸುತ್ತಾರೆ, ಅಲ್ಲಿಗೆ ಅದರ ಕಥೆ ಮುಗಿಯುತ್ತದೆ. ನಿಮ್ಮ ಶಾಸಕಿಗೆ ಇದನ್ನು ಹೇಳು. ನೀನು ಓದುವಾಗ ನಿನ್ನನ್ನು ತಮ್ಮ ಮನೆಯಲ್ಲಿ ಇರಿಸಿಕೊಂಡಿದ್ದ ಡಾಕ್ಟರ್ ಆನಂದತೀರ್ಥರು ಅಲ್ಲಿ ನಾಲ್ಕು ಜನರಿಗೆ ಬೇಕಾದವರು, ವೈದ್ಯರು ಬೇರೆ. ಅವರ ಸಹಾಯ ತೆಗೆದುಕೋ.

ನನಗೆ ಬರೆಯಲು ಹಿಂಜರಿಯಬೇಡ. ಸಭಾಧ್ಯಕ್ಷರು ಕಡತದಿಂದ ತೆಗೆಯಿರಿ ಎಂದ ಮಾತುಗಳು ನನ್ನ ತಲೆಯಲ್ಲಿ ಒಂದು ಗೋದಾಮು ತುಂಬುವಷ್ಟಿವೆ. ಒಂದನ್ನೂ ನಿನ್ನ ಕಾಕುಗೆ ಕೂಡ ಹೇಳಿದವನಲ್ಲ. ಅದಕ್ಕೆ ಆಕೆಗೆ ಇನ್ನೂ ನನ್ನ ಮೇಲೆ ಸಿಟ್ಟಿದೆ.

ಇಂತಿ
ಕುಬೇರಪ್ಪ

ವಾಲ್ನಟ್ ಕ್ರೀಕ್
22 ಜೂನ್ 2025

ಪ್ರೀತಿಯ ಕಾಕಾ,

ನಾಗರಾಜು ಅಂಕಲ್‌ಗೆ ಬೇಜಾರಾಗದ ಹಾಗೆ ಹೇಳಿಬಿಡಿ, ರಾಜ್ಯದ ಶಾಸಕರಿಗೂ ವೀಸಾಕ್ಕೂ ಸಂಬಂಧವಿಲ್ಲ. ಗನ್‌ಮ್ಯಾನ್ ಇಲ್ಲ. ಮನೆ ಮುಂದೆ ಜನವೂ ಇಲ್ಲ. ಕಸದ ಡಬ್ಬವನ್ನು ಅವರೇ ರಸ್ತೆಗೆ ಎಳೆದು ತರುತ್ತಾರೆ, ಆಗ ಎದುರು ಮನೆಯವರು ಹಿಡಿದು ನಿಲ್ಲಿಸಿ ಅಹವಾಲು ಹೇಳಿಕೊಂಡರೆ ಉಂಟು.

ಮಸೂದೆ ಕೆಳಮನೆಯಲ್ಲಿ ಗೆದ್ದಿತು! ಈಗ ಮೇಲ್ಮನೆ. ನೀವು ಹೇಳಿದ ಸಮಿತಿ ಇಲ್ಲೂ ಇದೆ, ನಿಮ್ಮದಕ್ಕಿಂತ ಜೋರು. ಹಣಕಾಸು ಸಮಿತಿಯಲ್ಲಿ ಸಸ್ಪೆನ್ಸ್ ಫೈಲ್ ಎಂದು ಒಂದಿದೆ. ಖರ್ಚಿನ ಮಸೂದೆಗಳನ್ನೆಲ್ಲ ಅದರೊಳಗೆ ಹಾಕಿಡುತ್ತಾರೆ. ಆಗಸ್ಟ್ ಕೊನೆಗೆ ಒಂದು ದಿನ ಅಧ್ಯಕ್ಷರು ಕೂತು ನೂರಾರು ಮಸೂದೆಗಳ ನಂಬರನ್ನು ಗಡಗಡ ಓದುತ್ತಾರೆ. ಇದು ಪಾಸು, ಇದಕ್ಕೆ ತಿದ್ದುಪಡಿ, ಇದು ಇಲ್ಲೇ ಉಳಿಯಿತು. ಚರ್ಚೆ ಇಲ್ಲ, ಕಾರಣ ಹೇಳುವುದಿಲ್ಲ. ನೀವಾಗಿದ್ದರೆ ಬರೆದುಕೊಳ್ಳಲು ಏನೂ ಇರುತ್ತಿರಲಿಲ್ಲ.

ಈ ವೃದ್ಧರ ಮನೆಗಳ ಮಾಲೀಕರ ಸಂಘ ನಮ್ಮ ಬೆನ್ನು ಬಿದ್ದಿದೆ. ಅವರಲ್ಲಿ ಬಹಳ ಮಂದಿ ಫಿಲಿಪಿನೋಗಳೇ, ತೀತಾ ಟೆಸ್ ಅವರ ಚರ್ಚಿನವರೇ, ಅವರ ಮೊದಲ ಚುನಾವಣೆಗೆ ಮನೆ ಮನೆ ತಿರುಗಿದವರು. "ಟೆಸ್, ನಮ್ಮ ಮನೆಗಳನ್ನ ಮುಚ್ಚಿಸ್ತೀಯಾ?" ಎಂದು ಕೇಳುತ್ತಾರೆ. ಅದನ್ನು ಕೇಳಿದ ದಿನ ತೀತಾ ಟೆಸ್ ಮನೆಗೆ ಹೋಗಿ ಒಬ್ಬರೇ ಕೂರುತ್ತಾರಂತೆ. ಆದರೂ ಸೆನೆಟರುಗಳ ಬಾಗಿಲು ತಟ್ಟುವುದನ್ನು ಬಿಟ್ಟಿಲ್ಲ. ಗೆಲ್ಲುತ್ತೇವೆ ಅನ್ನಿಸುತ್ತದೆ.

ಒಂದು ವಿಷಯ ನಮ್ಮಿಬ್ಬರಲ್ಲೇ ಇರಲಿ. ತೀರಾ ಕೊನೆಗೆ ಬೇರೆ ದಾರಿಯೇ ಇಲ್ಲವೆಂದಾದರೆ, ರಾತ್ರಿಯ ಆಳನ್ನು ಬಿಟ್ಟುಕೊಟ್ಟು, ಕೆಲಸದವಳಿಗೆ ಮುಚ್ಚುವ ಬಾಗಿಲಿರುವ ಒಂದು ಕೋಣೆಯನ್ನಾದರೂ ಕೇಳುವುದು ಎಂದು ತೀತಾ ಟೆಸ್ ಯೋಚಿಸಿದ್ದಾರೆ. ಆಫೀಸಿನಲ್ಲೂ ಇದು ಹೆಚ್ಚು ಜನಕ್ಕೆ ಗೊತ್ತಿಲ್ಲ. ಬಿಟ್ಟುಕೊಡುವ ಮನಸ್ಸಿದೆ ಎಂದು ಗೊತ್ತಾದ ದಿನ ಯಾರು ತಾನೇ ಪೂರ್ತಿ ಕೊಡುತ್ತಾರೆ?

ಡಾಕ್ಟರ್ ಅಂಕಲ್ ಅವರ ಹೆಂಡತಿ ಜಲಜಾ ಆಂಟಿ ಜುಲೈ ಮೊದಲ ವಾರ ಬೆಂಗಳೂರಿಗೆ ಬರುತ್ತಿದ್ದಾರೆ. ಅವರ ಸೂಟ್‌ಕೇಸಿನಲ್ಲಿ ಜಾಗ ಕೇಳಿಕೊಂಡು ನಿಮ್ಮ ಹಿಯರಿಂಗ್ ಏಡಿನ ಬ್ಯಾಟರಿ, ಕಾಕುಗೆ ಬಾದಾಮಿ ಕಳಿಸುತ್ತಿದ್ದೇನೆ. ಡಾಕ್ಟರ್ ಅಂಕಲ್ ಚೆನ್ನಾಗಿದ್ದಾರೆ.

ನಿಮ್ಮ
ಮಾಧುರಿ

ವಿಜಯನಗರ
13 ಜುಲೈ 2025

ಚಿ. ಮಾಧುರಿಗೆ ಆಶೀರ್ವಾದಗಳು.

ಬ್ಯಾಟರಿ ಬಂದವು. ಬಾದಾಮಿ ನಿನ್ನ ಕಾಕುಗೆ ಎಂದು ಚೀಟಿ ಹಚ್ಚಿದ್ದರೂ ಅರ್ಧ ನಾನೇ ತಿಂದೆ. ಜಲಜಾ ಅವರು ಎಂಥ ಹೆಣ್ಣುಮಗಳು! ಅಲ್ಲಿ ದೊಡ್ಡ ಮನೆ, ಕಾರು ಎಲ್ಲ ಇದ್ದೂ ನಮ್ಮ ಅಡಿಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತು, ನಿನ್ನ ಕಾಕು ಮಾಡಿದ ರೊಟ್ಟಿ, ಎಣಗಾಯಿ ಹಾಕಿಸಿಕೊಂಡು ಉಂಡರು. "ಮಾಧುರಿ ನಮ್ಮನೆ ಮಗಳೇ ಕಣ್ರೀ" ಎಂದರು. ಹೊಸ ಬ್ಯಾಟರಿ ಹಾಕಿಕೊಂಡು ಮೊದಲು ಕೇಳಿದ ಮಾತು ಅದು. ನನಗೆ ಕಣ್ಣಲ್ಲಿ ನೀರು ಬಂತು.

ಹೊತ್ತು ಹೋದದ್ದೇ ತಿಳಿಯಲಿಲ್ಲ. ಅವರು ನಿನ್ನ ಬಗ್ಗೆ ಮಾತಾಡಿದರು, ನಾನೂ ಮಾತಾಡಿದೆ. ನಿನ್ನ ಕೆಲಸದ ವಿಷಯ ಅವರಿಗೆ ಅಷ್ಟು ತಿಳಿದೇ ಇಲ್ಲವಲ್ಲ? ಅವರ ಮನೆಗೆ ಹೋಗುವುದನ್ನು ಕಡಿಮೆ ಮಾಡಿದ್ದೀಯೇನು? ಉಪಕಾರ ಮಾಡಿದವರನ್ನು ಹಾಗೆ ದೂರ ಮಾಡಬಾರದು ಕೂಸ. ಹಬ್ಬಕ್ಕಾದರೂ ಹೋಗಿ ಬಾ.

ಇಂತಿ
ಕುಬೇರಪ್ಪ

ವಾಲ್ನಟ್ ಕ್ರೀಕ್
31 ಆಗಸ್ಟ್ 2025

ಪ್ರೀತಿಯ ಕಾಕಾ,

ಇಷ್ಟು ದಿನ ಬರೆಯಲಾಗಲಿಲ್ಲ. ಶುಕ್ರವಾರ ಮಸೂದೆ ಸಮಿತಿಯಿಂದ ಹೊರಗೆ ಬಂತು, ತಿದ್ದುಪಡಿಯ ಜೊತೆ. ರಾತ್ರಿಯ ಆಳು ಇಲ್ಲ. ಬಾಗಿಲಿರುವ ಕೋಣೆ ಇದೆ.

ನಾನೀಗ ಆಫೀಸಿನಲ್ಲಿ ಮುಂದಿನ ಮೇಜಿನಲ್ಲಿ ಕೂರುತ್ತೇನೆ. ಬಂದವರನ್ನು ಮಾತಾಡಿಸುವ ಕೆಲಸ. ಚೆನ್ನಾಗಿದೆ.

ವರಮಹಾಲಕ್ಷ್ಮಿಗೆ ಜಲಜಾ ಆಂಟಿ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದೆ. ಕಾಕುಗೆ ಹೇಳಿ.

ಮಾಧುರಿ

ವಿಜಯನಗರ
3 ಸೆಪ್ಟೆಂಬರ್ 2025

ಚಿ. ಮಾಧುರಿಗೆ ಆಶೀರ್ವಾದಗಳು.

ಶಭಾಷ್! ಸಮಿತಿಯ ಬಾಯಿಂದ ಜೀವಂತ ಹೊರಗೆ ಬಂದದ್ದೇ ದೊಡ್ಡದು. ಆಳು ಇಲ್ಲದಿದ್ದರೆ ಕೋಣೆ ಸಿಕ್ಕಿತಲ್ಲ. ಮೂರು ಸಾಲು ಬರೆದು ಸುಮ್ಮನಾದದ್ದು ಯಾಕೆ? ದಣಿದಿದ್ದೀಯಾ?

ಮುಂದಿನ ಮೇಜು ಎಂದರೆ ಬಡ್ತಿಯೇ? ನಮ್ಮ ವಿಧಾನಸೌಧದಲ್ಲಂತೂ ಮಂತ್ರಿಗಿಂತ ಮಂತ್ರಿಯ ಬಾಗಿಲಲ್ಲಿ ಕೂತ ಪಿ.ಎ.ಗೇ ಜನ ಹೆಚ್ಚು ಕೈ ಮುಗಿಯುತ್ತಿದ್ದರು. ಕಾಕು ಪಾಯಸ ಮಾಡಿದ್ದಾಳೆ. ನಾಗರಾಜುಗೂ ಕೊಟ್ಟೆವು, ವೀಸಾ ಲೆಟರ್ ಸಿಗದ ಸಿಟ್ಟು ಇಳಿಯಿತು.

ನಿಮ್ಮ ಸದನದ ಕಲಾಪವನ್ನೆಲ್ಲ ಇಂಟರ್‌ನೆಟ್ಟಿನಲ್ಲಿ ಹಾಕಿಡುತ್ತಾರಂತೆ, ಕೆಳಗೆ ಅಕ್ಷರವೂ ಬರುತ್ತದಂತೆ. ಕೆಳಗಿನ ಬೀದಿಯ ಗುರುಕಿರಣ್ ಟ್ಯಾಬ್‌ನಲ್ಲಿ ಹಾಕಿಕೊಡುತ್ತೇನೆ ಎಂದಿದ್ದಾನೆ. ಕೂತು ಒಂದೊಂದಾಗಿ ನೋಡುತ್ತೇನೆ. ನಿನ್ನ ಮುಖ ಕಂಡೀತು ಎಂಬ ಆಸೆ.

ಇಂತಿ
ಕುಬೇರಪ್ಪ

ವಿಜಯನಗರ
14 ಸೆಪ್ಟೆಂಬರ್ 2025

ಮಾಧುರಿ,

ಜುಲೈ ತಿಂಗಳಿನ ವಿಚಾರಣೆ ನೋಡಿದೆ. ನೀನು ನಿಮ್ಮ ಶಾಸಕಿಯ ಹಿಂದೆ ಹಸಿರು ಕುರ್ತಾ ಹಾಕಿಕೊಂಡು ಕೂತಿದ್ದೆ. ಆಕೆ ತನ್ನ ತಾಯಿಯ ಬಗ್ಗೆ ಮಾತಾಡಿದ್ದನ್ನು ಅಕ್ಷರ ಅಕ್ಷರ ಓದಿದೆ. ದನಿ ಏರಿಸದೆ ಮಾತಾಡುತ್ತಾಳೆ. ಅಂಥವರ ಮಾತು ಬರೆದುಕೊಳ್ಳುವುದು ಬಲು ಹಿತ.

ಆಮೇಲೆ ವಿರೋಧಿಸುವವರು ಬನ್ನಿ ಎಂದರು. ಸಾಲಾಗಿ ಬಂದು, ಒಬ್ಬೊಬ್ಬರೂ ಹೆಸರು, ಕಸುಬು, ಊರು, ವಿರೋಧ ಎಂದಷ್ಟೇ ಹೇಳಿ ಹೋದರು. ಆ ಸಾಲಿನಲ್ಲಿ ಡಾಕ್ಟರ್ ಆನಂದತೀರ್ಥರಿದ್ದರು. ವೃದ್ಧರ ಮನೆಗಳ ಮಾಲೀಕ, ವಾಲ್ನಟ್ ಕ್ರೀಕ್, ವಿರೋಧ. ನಿಲ್ಲಿಸಿ, ಹಿಂದೆ ಸರಿಸಿ, ಮತ್ತೆ ಓದಿದೆ. ಗುರುಕಿರಣನನ್ನು ಕರೆದು ಅವನಿಂದಲೂ ಓದಿಸಿದೆ.

ಮಾಧುರಿ, ಜಲಜಾ ಅವರಿಗೆ ನಾನು ಹೇಳಿಬಿಟ್ಟಿದ್ದೇನೆ. ಕೋಣೆಯ ವಿಷಯ. ಅವರು ನಿನ್ನನ್ನು ಹೊಗಳಿದರು, ನನಗೆ ತಡೆಯಲಾಗಲಿಲ್ಲ. "ಅಲ್ಲಿ ಶಾಸಕಿ ನಮ್ಮ ಹುಡುಗೀನ ಕೇಳದ ಹೆಜ್ಜಿ ಇಡಂಗಿಲ್ಲರಿ, ಕೊನೀಗೆ ಏನು ಬಿಟ್ಟುಕೊಡಬೇಕು ಅನ್ನೂದೂ ಇವಳಿಗೆ ಗೊತ್ತೈತಿ" ಎಂದೆ. ಏನು ಎಂದು ಅವರು ಕೇಳಿದರು. ಹೇಳಿದೆ. ಇಷ್ಟು ವರ್ಷ ಬಾಯಿ ಬಿಗಿದಿಟ್ಟವನು, ನಮ್ಮ ಮನೆಯ ಕೂಸು ದೊಡ್ಡವಳಾದಳು ಎಂಬ ಹಿಗ್ಗಿನಲ್ಲಿ ಅರ್ಧ ಗಂಟೆಯಲ್ಲಿ ಬಿಚ್ಚಿಬಿಟ್ಟೆ.

ಅವರು ಆ ಕಡೆಯವರೆಂದು ನೀನು ಒಂದು ಮಾತು ಬರೆಯಬಾರದಿತ್ತೇ? ಇದನ್ನು ನಿನ್ನ ಮೇಲೆ ಹಾಕಲು ಕೇಳುತ್ತಿಲ್ಲ. ಮುಂದಿನ ಮೇಜು ಎಂದರೆ ಏನೆಂದು ಈಗ ತಿಳಿಯಿತು. ನಿಮ್ಮ ಶಾಸಕಿಗೆ ನಾನೇ ಬರೆಯುತ್ತೇನೆ. ವಿಳಾಸ ಕಳಿಸು.

ಕುಬೇರಪ್ಪ

ವಾಲ್ನಟ್ ಕ್ರೀಕ್
12 ಅಕ್ಟೋಬರ್ 2025

ಕಾಕಾ,

ಬರೆಯಬೇಡಿ. ನಿಮ್ಮ ಹೆಸರನ್ನು ನಾನು ಹೇಳಿಲ್ಲ.

ನನಗೆ ಆಗಸ್ಟಿನಲ್ಲೇ ಗೊತ್ತಿತ್ತು. ಜಲಜಾ ಆಂಟಿ ಕುಂಕುಮ ಕೊಟ್ಟು, ತಟ್ಟೆಯಲ್ಲಿ ಕೋಸಂಬರಿ ಹಾಕುತ್ತಾ, "ನಿಮ್ಮ ಎಮ್ಮೆಲ್ಲೆ ರೂಮಿಗೇ ಒಪ್ಕೋತಾರಂತಲ್ಲ, ನಮ್ಮ ಡಾಕ್ಟ್ರಿಗೆ ಜೀವ ಬಂತು ಕಣೇ. ನಿಮ್ಮ ಕಾಕಾನೇ ಹೇಳಿದ್ದು" ಎಂದರು. ಅವರಿಗೆ ಅದರಲ್ಲಿ ಮುಚ್ಚಿಡುವಂಥದ್ದೇನೂ ಕಾಣಲಿಲ್ಲ. ಅಷ್ಟು ಹೊತ್ತಿಗೆ ಸಂಘದವರೆಲ್ಲರಿಗೂ ತಿಳಿದಾಗಿತ್ತು. ನಮ್ಮ ಜೊತೆ ಮಾತಿಗೆ ಕೂತಿದ್ದವರು ಒಂದೇ ಸಲಕ್ಕೆ ಎದ್ದು ಹೋದದ್ದು ಯಾಕೆಂದು ನನಗೆ ಆ ಅಡಿಗೆಮನೆಯಲ್ಲಿ ಅರ್ಥವಾಯಿತು.

ನಿಮ್ಮ ಮೇಲೆ ನನಗೆ ಕೋಪ ಬಂದಿತ್ತು ಕಾಕಾ. ಈಗಲೂ ಇದೆ. ನಮ್ಮಿಬ್ಬರಲ್ಲೇ ಇರಲಿ ಎಂದು ಬರೆದಿದ್ದೆ. ನೀವು ಕೇಳಿದ ಪ್ರಶ್ನೆಯೂ ಸರಿ. ಎರ್ಲಿಂಡಾ ಕೆಲಸ ಮಾಡುವುದು ಡಾಕ್ಟರ್ ಅಂಕಲ್ ನಡೆಸುವ ವೃದ್ಧರ ಮನೆಗಳಲ್ಲೊಂದರಲ್ಲಿ. ನಾನು ಓದುವಾಗ ಅವರ ಮನೆಯಲ್ಲಿ ಬಾಡಿಗೆ ಇಲ್ಲದೆ ಇದ್ದವಳು, ಅವರ ಕೈಯ ಸಾರು ಉಂಡವಳು. ನೀವು ಅವರನ್ನು ದೇವರ ಹಾಗೆ ನೋಡುತ್ತೀರಿ. ಹೇಗೆ ಬರೆಯಲಿ? ಅವರು ಕೆಟ್ಟವರೂ ಅಲ್ಲ. ಆ ಹಿರಿಯರ ಹುಟ್ಟಿದ ಹಬ್ಬಕ್ಕೆ ತಾವೇ ಕೇಕ್ ತೆಗೆದುಕೊಂಡು ಹೋಗುತ್ತಾರೆ. ಇನ್ನೊಂದು ಆಳು ಇಟ್ಟರೆ ಮನೆ ನಡೆಸಲಾಗದು ಎಂದು ನಿಜವಾಗಿಯೂ ನಂಬಿದ್ದಾರೆ. ಅಷ್ಟೆಲ್ಲ ಗೊತ್ತಿದ್ದೂ ಜಲಜಾ ಆಂಟಿ ಊರಿಗೆ ಹೋಗುತ್ತಾರೆಂದ ಕೂಡಲೇ ಅವರ ಕೈಯಲ್ಲೇ ಗಂಟು ಕೊಟ್ಟು ನಿಮ್ಮ ಮನೆಗೆ ಕಳಿಸಿದೆ. ನಮ್ಮವರು ಊರಿಗೆ ಹೊರಟರೆ ನಮಗೆ ಬೇರೇನೂ ತೋಚುವುದಿಲ್ಲ.

ಮಾರನೆಯ ದಿನ ತೀತಾ ಟೆಸ್‌ಗೆ ಹೇಳಿದೆ. ವಿಷಯ ನನ್ನಿಂದ ಹೊರಗೆ ಹೋಗಿದೆ ಎಂದೆ. ಯಾರಿಗೆ ಎಂದು ಕೇಳಿದರು. ಮನೆಯವರಿಗೆ ಎಂದೆ. ಅವರು ಕೈಲಿದ್ದ ಮಸೂದೆಯ ಪ್ರತಿಯನ್ನು ಮಡಚಿಟ್ಟರು. ಆಮೇಲೆ, "ನಮ್ಮಮ್ಮನ್ನ ಸೋಫಾ ಮೇಲೆ ಮಲಗಿಸಿದವರೂ ನಮ್ಮ ಮನೆಯವರ ಹಾಗೇ ಇದ್ದರು. ಅದಕ್ಕೇ ಅವಳು ಯಾರಿಗೂ ಹೇಳಲಿಲ್ಲ" ಎಂದರು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಮಸೂದೆಗಳ ಕೋಣೆಯಿಂದ ಮುಂದಿನ ಮೇಜಿಗೆ ಕಳಿಸಿದರು.

ಗವರ್ನರು ಸಹಿ ಹಾಕಿದ್ದಾರೆ. ಜನವರಿಯಿಂದ ಕಾನೂನು.

ಮಾಧುರಿ

ವಿಜಯನಗರ
20 ಅಕ್ಟೋಬರ್ 2025

ಚಿ. ಮಾಧುರಿಗೆ ದೀಪಾವಳಿಯ ಆಶೀರ್ವಾದಗಳು.

ಕಾಕು ಶಂಕರಪೋಳಿ ಮಾಡಿದ್ದಾಳೆ. ಯಾರ ಕೈಯಲ್ಲಾದರೂ ಕಳಿಸೋಣ ಎಂದಳು. ಬೇಡ, ಅಂಚೆಯಲ್ಲಿ ಹಾಕೋಣ ಎಂದೆ.

ಕೋಪ ಇರಲಿ. ಇಟ್ಟುಕೋ.

ಕುಬೇರಪ್ಪ

ವಾಲ್ನಟ್ ಕ್ರೀಕ್
25 ಜನವರಿ 2026

ಪ್ರೀತಿಯ ಕಾಕಾ,

ಮೂರು ತಿಂಗಳು ಬರೆಯಲಿಲ್ಲ. ಶಂಕರಪೋಳಿ ಪುಡಿಪುಡಿಯಾಗಿ ಬಂತು, ಚಮಚದಲ್ಲಿ ತಿಂದೆ.

ಹತ್ತು ದಿನದ ಹಿಂದೆ ತೀತಾ ಟೆಸ್ ನನ್ನನ್ನು ಕರೆದು, ಕಾನೂನು ಏನು ಮಾಡಿದೆ ನೋಡಿ ಬರೋಣ ಬಾ ಎಂದರು. ಎರ್ಲಿಂಡಾ ಇರುವ ಮನೆಗೇ ಹೋದೆವು. ಡಾಕ್ಟರ್ ಅಂಕಲ್ ಬಾಗಿಲಲ್ಲಿ ನಿಂತಿದ್ದರು. ಗ್ಯಾರೇಜಿನ ಪಕ್ಕ ಹೊಸ ಕೋಣೆ ಕಟ್ಟಿಸಿದ್ದಾರೆ. ಮಂಚ, ಕಿಟಕಿ, ಕಿಟಕಿಗೆ ಪರದೆ, ಗಟ್ಟಿ ಬಾಗಿಲು. ಕಾನೂನು ಕೇಳಿದ್ದಕ್ಕಿಂತ ಒಂದು ಕೈ ಹೆಚ್ಚೇ. ಜಲಜಾ ಆಂಟಿ ಆರಿಸಿದ ಬೆಡ್‌ಶೀಟು. ನನಗೆ ಸಂತೋಷವಾಯಿತು ಕಾಕಾ, ಸುಳ್ಳು ಹೇಳುವುದಿಲ್ಲ. ಅಷ್ಟಾದರೂ ಆಯಿತಲ್ಲ ಎಂದುಕೊಂಡೆ.

ಆಮೇಲೆ ತೀತಾ ಟೆಸ್ ಬಾಗಿಲನ್ನು ಒಮ್ಮೆ ಮುಚ್ಚಿ ನೋಡಲು ಹೋದರು. ಮುಚ್ಚಲಾಗಲಿಲ್ಲ. ಕೆಳಗೆ ಎರ್ಲಿಂಡಾ ಒಂದು ಹಳೆಯ ಚಪ್ಪಲಿಯನ್ನು ಸಿಕ್ಕಿಸಿಟ್ಟಿದ್ದರು. ಯಾಕೆ ಎಂದು ನಾನು ಕೇಳಿದೆ. ಅವರು ನನ್ನನ್ನು ಏನೂ ತಿಳಿಯದ ಮಗುವನ್ನು ನೋಡುವಂತೆ ನೋಡಿದರು. "ಮುಚ್ಚಿದರೆ ಅವರು ಕರೆದದ್ದು ಕೇಳೋದಿಲ್ಲವಲ್ಲ, ಬೇರೆ ಯಾರಿದ್ದಾರೆ?" ಎಂದರು. ಡಾಕ್ಟರ್ ಅಂಕಲ್ ನೆಲ ನೋಡುತ್ತಿದ್ದರು.

ವಾಪಸು ಬರುವಾಗ ಕಾರನ್ನು ತೀತಾ ಟೆಸ್ ಅವರೇ ಓಡಿಸುತ್ತಿದ್ದರು. ಫ್ರೀವೇ ಹತ್ತಿದ ಮೇಲೆ, ರಾತ್ರಿಯ ಆಳಿನ ಮಸೂದೆಯನ್ನು ಇನ್ನೊಂದು ಸಲ ಮಂಡಿಸುತ್ತೇನೆ, ಇದೇ ಕೊನೆಯ ವರ್ಷ, ನೀನೇ ಬರಿ ಎಂದರು. ಅವರು ರಸ್ತೆ ನೋಡುತ್ತಲೇ, "ಮನೆಯವರಿಗೆ?" ಎಂದರು. ಅಷ್ಟೇ. ಹೇಳುವುದಿಲ್ಲ ಎಂದೆ.

ನಾಳೆ ಮಸೂದೆಗಳ ಕೋಣೆಗೆ ವಾಪಸು ಹೋಗುತ್ತೇನೆ. ಅದರಲ್ಲಿ ಏನಿರುತ್ತದೆ, ಯಾರು ನಮ್ಮ ಕಡೆ, ಎಲ್ಲಿ ಬಗ್ಗುತ್ತೇವೆ, ಎಲ್ಲಿ ಬಗ್ಗುವುದಿಲ್ಲ, ಒಂದನ್ನೂ ಈ ಸಲ ನಿಮಗೆ ಹೇಳುವುದಿಲ್ಲ ಕಾಕಾ. ಇದನ್ನು ಬರೆಯಲು ನನಗೆ ಒಂದು ವಾರ ಹಿಡಿಯಿತು. ಸಿಟ್ಟಿನಿಂದ ಬರೆದದ್ದಲ್ಲ.

ನಿಮ್ಮ
ಮಾಧುರಿ

ವಿಜಯನಗರ
26 ಜನವರಿ 2026

ಚಿ. ಮಾಧುರಿಗೆ ಆಶೀರ್ವಾದಗಳು.

ಹೇಳಬೇಡ.

ನಾನೂ ಕೇಳುವುದಿಲ್ಲ. ಪಾಸಾದ ದಿನ ಊರಿಗೆಲ್ಲ ತಿಳಿದ ಮೇಲೆ ನನಗೂ ತಿಳಿದೀತು. ಸೋತರೂ ತಿಳಿದೀತು. ಈ ಪತ್ರವನ್ನು ಕಾಕುಗೆ ಗಟ್ಟಿಯಾಗಿ ಓದಿ ಹೇಳಲಿಲ್ಲ. ಟ್ಯಾಬನ್ನು ಅವಳ ಕೈಗೆ ಕೊಟ್ಟೆ, ಅವಳೇ ಓದಿಕೊಂಡಳು.

ಆದರೆ ಬರೆಯುವುದನ್ನು ನಿಲ್ಲಿಸಬೇಡ ಕೂಸ. ಬರೆಯಲು ಏನೂ ಇಲ್ಲದಿದ್ದರೆ ಇವತ್ತು ಏನು ಅಡಿಗೆ ಮಾಡಿದೆ ಎಂದು ಬರಿ. ಉಪ್ಪು ಹೆಚ್ಚಾಯಿತು ಎಂದು ಬರಿ. ಅಷ್ಟನ್ನೇ ಓದುತ್ತೇನೆ.

ಇಂತಿ
ನಿನ್ನ ಕಾಕಾ